ಜ್ವರದ ಓಪಿಡಿಗೆ ಸರ್ಜಿಕಲ್ ಮಾಸ್ಕ್ ಸಾಕಾ, ಎನ್-95 ಬೇಕಾ? ಆಸ್ಪತ್ರಿ ಸ್ಟಾಫ್ ಇದ್ದವರು ಹೇಳ್ರಿ

ವಾರ್ಡ್_ಸಿಸ್ಟರ್_ಗದಗ
ಎಲ್ಲಾರಿಗೂ ನಮಸ್ಕಾರ್ರಿ. ಗದಗ ಜಿಲ್ಲೆದ ಒಂದು ತಾಲೂಕ ಆಸ್ಪತ್ರ್ಯಾಗ ಸ್ಟಾಫ್ ನರ್ಸ್ ಅದೀನಿ. ಮಳಿಗಾಲ ಹಿಡೀತಂದ್ರ ನಮ್ಮ ಓಪಿಡಿ ಮುಂದ ಜ್ವರ, ಕೆಮ್ಮು, ದಮ್ಮಿನ ಮಂದಿ ಪಾಳಿ ಹಚ್ಚಿ ನಿಂತಿರ್ತಾರ. ಒಬ್ಬೊಬ್ರು ಮಾರಿ ಮ್ಯಾಲನ ಕೆಮ್ಮತಾರ.

ಸ್ಟೋರಿಗೆ ಹೋಗಿ ಎನ್-95 ಕೇಳಿದ್ರ "ಅವು ಟಿಬಿ ವಾರ್ಡಿಗೆ ಅಷ್ಟ, ಓಪಿಡಿಗೆ ಮೂರು ಪದರದ ಸರ್ಜಿಕಲ್ ಸಾಕು" ಅಂದ್ರು. ನಮ್ಮಲ್ಲೇ ಒಬ್ರು ಡಾಕ್ಟ್ರು "ದೊಡ್ಡ ದೊಡ್ಡ ಅಧ್ಯಯನ ಆಗ್ಯಾವ, ಎರಡಕ್ಕೂ ಏನೂ ಫರಕ ಇಲ್ಲ" ಅಂತಾರ. ಇನ್ನೊಬ್ರು ಡಾಕ್ಟ್ರು ಸುಮ್ಮನ ತಮ್ಮ ರೊಕ್ಕದಾಗ ಎನ್-95 ತಂದು ಹಾಕ್ಕೋತಾರ. ಆಯಾಗೋಳು ಕೊರೋನಾ ಕಾಲದ ಅರಿವಿ ಮಾಸ್ಕ್ ಇನ್ನೂ ಒಗದು ಒಗದು ಹಾಕ್ಕೊಳ್ಳಾಕತ್ಯಾರ.

ಯಾರ ಮಾತು ಖರೇ? ಮನ್ಯಾಗ ಸಣ್ಣ ಕೂಸು ಐತಿ, ವಯಸ್ಸಾದ ಅತ್ತಿ ಅದಾರ, ಅದಕ್ಕ ಕೇಳಾಕತ್ತೀನಿ. ರಾಜಕೀಯ ತರಬ್ಯಾಡ್ರಿ ದಯವಿಟ್ಟು.

ಹಳೇಹುಬ್ಬಳ್ಳಿ_ಹುಲಿ
ಎನ್-95. ಮುಗೀತು. ಇದಕ್ಕೂ ಒಂದು ಚರ್ಚೆ ಬೇಕಾ?

ಉಣಕಲ್_ದಂಡಿ
ಮುಗೀಲಿಲ್ಲ ಹುಲಿ ಅವರ, ಈಗ ಶುರು ಆತು. ನಾನೂ ಡಾಕ್ಟರ್ ಇದ್ದೀನಿ, ಸಿಸ್ಟರ್ ಹೇಳಿದ ಆ "ಫರಕಿಲ್ಲ" ಡಾಕ್ಟ್ರು ಗಾಳಿ ಮಾತು ಹೇಳಿಲ್ಲ.

2009ರಾಗ ಕೆನಡಾದ ಒಂಟಾರಿಯೋದಾಗ 446 ನರ್ಸುಗಳನ್ನ ಎರಡು ಗುಂಪು ಮಾಡಿ ನೋಡಿದ್ರು. ಸರ್ಜಿಕಲ್ ಗುಂಪಿನ್ಯಾಗ ಇನ್‌ಫ್ಲುಯೆಂಜಾ ಬಂದದ್ದು ನೂರಕ್ಕ 23.6, ಎನ್-95 ಗುಂಪಿನ್ಯಾಗ 22.9. ಆಮ್ಯಾಲೆ ಅಮೆರಿಕಾದ ದೊಡ್ಡ ಅಧ್ಯಯನ 2019ರಾಗ ಬಂತು. 2,862 ಮಂದಿ, 137 ಹೊರರೋಗಿ ವಿಭಾಗಗಳು, ನಾಲ್ಕು ಫ್ಲೂ ಸೀಸನ್. ಇನ್‌ಫ್ಲುಯೆಂಜಾ ಬಂದದ್ದು ಎನ್-95ಗೆ ನೂರಕ್ಕ 8.2, ಸರ್ಜಿಕಲ್‌ಗೆ 7.2. ಅಂದ್ರ ಎನ್-95 ಹಾಕಿದವರಿಗೇ ಒಂದು ಚೂರು ಜಾಸ್ತಿ! ಅದು ಲೆಕ್ಕಕ್ಕ ಬರೋ ಫರಕ ಅಲ್ಲ ಬಿಡ್ರಿ, ಆದ್ರ ಎನ್-95 ಗೆದ್ದಿಲ್ಲ ಅನ್ನೋದಂತೂ ಖರೇ.

ಹಂಗಂತ ನಾ ಏನು ಹಾಕ್ಕೋತೀನಿ ಅಂತ ಕೇಳ್ರಿ. ಎನ್-95. ಯಾಕ ಅಂತ ಆಮ್ಯಾಲೆ ಬರೀತೀನಿ, ಈಗ ರೌಂಡ್ಸಿಗೆ ಹೊಂಟೀನಿ.

ರಾಣೆಬೆನ್ನೂರ_ರಾಜಾ
ನೋಡ್ರಿ, ಡಾಕ್ಟ್ರ ಒಪ್ಪಿಕೊಂಡ್ರು! ಮಾಸ್ಕ್ ಅನ್ನೋದ ಬೋಗಸ್. ವೈರಸ್ 0.1 ಮೈಕ್ರಾನ್, ಮಾಸ್ಕಿನ ತೂತು ಅದಕ್ಕಿಂತ ಎಷ್ಟೋ ದೊಡ್ಡದು. ಜರಡಿಯಾಗ ರವಾ ಸೋಸಿದಂಗ, ಎಲ್ಲಾ ಕೆಳಗ ಬೀಳತೈತಿ.

ಲ್ಯಾಬ್_ಮಾಮಾ
ರಾಜಾ ಅವರ, ಮಾಸ್ಕ್ ಜರಡಿ ಅಲ್ರಿ. ಅಲ್ಲೇ ನೀವು ದಾರಿ ತಪ್ಪೀರಿ.

ಒಂದನೇದು, ವೈರಸ್ ಬೆತ್ತಲೆ ಹಾರಾಡೂದಿಲ್ಲ. ಉಗುಳು, ಸಿಂಬಳದ ಹನಿ ಒಳಗ ಕುಂತು ಬರತೈತಿ, ಆ ಹನಿ ವೈರಸ್‌ಗಿಂತ ದೊಡ್ಡದು. ಎರಡನೇದು, ಎನ್-95 ನಡುವಿನ ಪದರ ಪಾಲಿಪ್ರೊಪಿಲಿನ್ ಎಳಿ. ಅದಕ್ಕ ಕರೆಂಟ್ ಚಾರ್ಜ್ ಕೊಟ್ಟಿರ್ತಾರ, ಹತ್ತರ ಬಂದ ಕಣ ಹೋಗಿ ಅಂಟಿಕೋತೈತಿ. ದೊಡ್ಡ ಕಣ ನೆಟ್ಟಗ ಬಂದು ಎಳಿಗೆ ಬಡೀತೈತಿ. ಭಾಳ ಸಣ್ಣ ಕಣ ಗಾಳ್ಯಾಗ ತೂರಾಡಿಕೋತ ಹೋಗಿ ಯಾವದರ ಎಳಿಗೆ ತಾಗತೈತಿ. ತಪ್ಪಿಸಿಕೊಳ್ಳೂದು ಜಾಸ್ತಿ ಯಾವುದಂದ್ರ ನಡುವಿಂದು. ಚಾರ್ಜ್ ಇಲ್ಲದ ಫಿಲ್ಟರಿಗೆ ಅದು ಸುಮಾರು 0.3 ಮೈಕ್ರಾನ್, ಚಾರ್ಜ್ ಇದ್ದದ್ದಕ್ಕ ಸುಮಾರು 0.1 ಇಲ್ಲಾ ಅದಕ್ಕೂ ಸಣ್ಣದು. ಅದಕ್ಕ ಪರೀಕ್ಷೆ ಅಂಥ ಹಿಡಿಯಾಕ ಕಷ್ಟದ ಸಣ್ಣ ಕಣದ ಮ್ಯಾಲನ ಮಾಡ್ತಾರ. ಅಂಥ ಕಣನ ನೂರಕ್ಕ 95 ಹಿಡೀಬೇಕು, ಅದಕ್ಕ 95 ಅಂತ ಹೆಸರು. 0.1 ಮೈಕ್ರಾನ್ ಅಳತಿ ಕಣನೂ ಆ ಪರೀಕ್ಷೆಯಾಗ ಇರತೈತಿ.

ಈ ಚಾರ್ಜ್ ವಿಷಯ ಸಿಸ್ಟರ್‌ಗೂ ಬೇಕು. ಎನ್-95ಗೆ ಸೋಪ್ ಹಚ್ಚಿ ಒಗದ್ರ, ಇಲ್ಲಾ ಸ್ಪಿರಿಟ್ ಹೊಡದ್ರ, ಚಾರ್ಜ್ ಹೋಗತೈತಿ. ನೋಡಾಕ ಹಂಗ ಇರತೈತಿ, ಕೆಲಸ ಮಾಡೂದಿಲ್ಲ. ನಮ್ಮ ಲ್ಯಾಬಿನ್ಯಾಗ ಒಬ್ಬಾಂವ ಸ್ಯಾನಿಟೈಸರ್ ಹೊಡದು ಹೊಡದು ತಿಂಗಳಗಟ್ಟಲೆ ಅದನ್ನ ಹಾಕ್ಕೊಂಡ. ಬಿಸಲಾಗ ಒಣಗಿಸೂದು ಬ್ಯಾರೆ.

ರಾಣೆಬೆನ್ನೂರ_ರಾಜಾ
ಮತ್ತ ಎಲ್ಲಾ ಅಧ್ಯಯನ ಕೂಡಿಸಿ ತೂಗೋ ಕಾಕ್ರೇನ್ ಸಂಸ್ಥೆದ 2023ರ ವರದಿ? ಅದರಾಗ ಮಾಸ್ಕ್ ಕೆಲಸ ಮಾಡೂದಿಲ್ಲ ಅಂತ ಸ್ಪಷ್ಟ ಐತೆಲ್ಲ.

ಪಿಜಿ_ರೂಮ್_ನಂ7
ಇಲ್ಲ ಸರ್, ಹಾಗೆ ಇಲ್ಲ. ಆ ವರದಿ ಬಂದ ಮೇಲೆ ಎಲ್ಲರೂ ನೀವು ಹೇಳಿದ ಹಾಗೇ ಹೇಳೋಕೆ ಶುರು ಮಾಡಿದ್ರು. ಅದಕ್ಕೆ ಮಾರ್ಚ್ 2023ರಲ್ಲಿ ಕಾಕ್ರೇನ್‌ನ ಪ್ರಧಾನ ಸಂಪಾದಕಿ ಕಾರ್ಲಾ ಸೊರೆಸ್-ವೈಸರ್ ಅವರೇ ಹೇಳಿಕೆ ಕೊಟ್ರು: "ಮಾಸ್ಕ್ ಕೆಲಸ ಮಾಡಲ್ಲ" ಅನ್ನೋ ಅರ್ಥ ಸರಿಯಲ್ಲ, ಅವರು ನೋಡಿದ್ದು ಮಾಸ್ಕ್ ಹಾಕಿ ಅಂತ ಜನರಿಗೆ ಹೇಳೋ ಕ್ರಮಗಳಿಂದ ಸೋಂಕು ಇಳಿಯುತ್ತಾ ಅನ್ನೋದನ್ನ, ಅದರ ಫಲಿತಾಂಶ ಯಾವ ಕಡೆಗೂ ಖಚಿತ ಇಲ್ಲ ಅಂತ.

(ನಾನು ಶಿವಮೊಗ್ಗದ ಕಡೆಯವನು, ಹುಬ್ಬಳ್ಳಿಯಲ್ಲಿ ಓದ್ತಾ ಇದ್ದೀನಿ. ಭಾಷೆ ಸ್ವಲ್ಪ ಸಹಿಸ್ಕೊಳ್ಳಿ.)

ಹಳೇಹುಬ್ಬಳ್ಳಿ_ಹುಲಿ
ಸಹಿಸ್ಕೋತೀವಿ ತಮ್ಮಾ, ಗಿರ್ಮಿಟ್ ತಿನ್ನಾಕ ಕಲ್ತಿದ್ರ ಸಾಕು.

ಗರಗದ_ನೂಲು
ಅರಿವಿ ಮಾಸ್ಕಿಗೆ ಹಗರ ಮಾಡಿ ಮಾತಾಡಬ್ಯಾಡ್ರಿ. 2020ರಾಗ ಸರ್ಕಾರ ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕ 10 ರೂಪಾಯಿ ಅಂತ ರೇಟ್ ಕಟ್ಟಿತ್ತು. ಆ ರೇಟಿಗೆ ಅಂಗಡ್ಯಾಗ ಸಿಕ್ಕಿತ್ತೇನು? ನಮ್ಮೂರ ಹೆಣ್ಮಕ್ಕಳು ಹೊಲದು ಕೊಟ್ಟಿದ್ದಕ್ಕ ಮಂದಿ ಮಾರಿ ಮುಚ್ಚಿಕೊಂಡ್ರು. ರಾಷ್ಟ್ರಧ್ವಜಕ್ಕ ಅರಿವಿ ನೇಯೋ ಊರ್ರಿ ನಮ್ದು, ಗರಗದ ಖಾದಿ. ಒತ್ತಾಗಿ ನೇಯ್ದ ಖಾದಿ ಮೂರು ಪದರ ಹಾಕಿದ್ರ ಯಾವ ಸರ್ಜಿಕಲ್‌ಗೂ ಕಮ್ಮಿ ಇಲ್ಲ.

ಪಿಜಿ_ರೂಮ್_ನಂ7
ನೂಲು ಅಣ್ಣ, ಬೀದಿಯಲ್ಲಿ ಓಡಾಡೋಕೆ ಅದು ಬೇರೆ ಮಾತು. ಆಸ್ಪತ್ರೆ ಒಳಗೆ ಅರಿವೆ ಮಾಸ್ಕ್ ಹಾಕಿ ನೋಡಿದ ಅಧ್ಯಯನ ಇದೆ. ವಿಯೆಟ್ನಾಂನ ಹನೋಯ್‌ನಲ್ಲಿ 14 ಆಸ್ಪತ್ರೆ, 1,607 ಸಿಬ್ಬಂದಿ, 2015ರಲ್ಲಿ ಪ್ರಕಟ ಆಯ್ತು. ಒಂದು ಗುಂಪಿಗೆ ಪಾಳಿಗೆ ಎರಡು ಸರ್ಜಿಕಲ್ ಮಾಸ್ಕ್. ಇನ್ನೊಂದು ಗುಂಪಿಗೆ ತಲಾ ಐದು ಅರಿವೆ ಮಾಸ್ಕ್, ದಿನಾ ಸೋಪಿನಲ್ಲಿ ಒಗೆದು ಹಾಕ್ಕೊಳ್ಳೋದು. ಮೂರನೇ ಗುಂಪು ಎಂದಿನ ಹಾಗೆ. ಅರಿವೆ ಗುಂಪಿನಲ್ಲೇ ಸೋಂಕು ಎಲ್ಲದಕ್ಕಿಂತ ಹೆಚ್ಚು. ಫ್ಲೂ ತರಹದ ಕಾಯಿಲೆ ಸರ್ಜಿಕಲ್ ಗುಂಪಿಗಿಂತ 13 ಪಟ್ಟು! ಲ್ಯಾಬಲ್ಲಿ ಕಣ ಬಿಟ್ಟು ನೋಡಿದಾಗ ಅರಿವೆಯಿಂದ ನೂರಕ್ಕೆ ಸುಮಾರು 97 ತೂರಿ ಹೋಯ್ತು, ಸರ್ಜಿಕಲ್‌ನಿಂದ 44.

ಅಂಕಿ_ಮಾಸ್ತರ
ತಮ್ಮಾ, 13 ಪಟ್ಟು ಅಂತ ಹೇಳಿದವರು ಅದರ ಬಾಲಾನೂ ಹೇಳಬೇಕು. ಆ 13ರ ವಿಶ್ವಾಸಾಂತರ, ಅಂದ್ರ ಖರೇ ಉತ್ತರ ಇರಬಹುದಾದ ವ್ಯಾಪ್ತಿ, 1.69ರಿಂದ 100.07 ತನಕ ಅದ. ಹೆಚ್ಚು ಅನ್ನೋದು ಖರೇ, ಎಷ್ಟು ಹೆಚ್ಚು ಅಂತ ಯಾರೂ ಎದಿ ತಟ್ಟಿ ಹೇಳೋಹಂಗಿಲ್ಲ. ಆ ಗುಂಪುಗಳೊಳಗ ಕಾಯಿಲೆ ಬಿದ್ದವರ ಸಂಖ್ಯೆನ ಸಣ್ಣದು. ಕಾಲೇಜಿನ್ಯಾಗ ಇದನ್ನ ಕಲಿಸಿ ಕಲಿಸಿ ಗಂಟಲಾ ಹರಕೊಂಡೀನಿ.

ಇನ್ನೊಂದು, "ಎಂದಿನ ಹಾಗೆ" ಗುಂಪಿನವರು ಮಾಸ್ಕ್ ಇಲ್ಲದವರಲ್ಲ. ಅವರೊಳಗೂ ಭಾಳ ಮಂದಿ ಮಾಸ್ಕ್ ಹಾಕತಿದ್ದರು. ಹಂಗಾಗಿ ಅರಿವಿ ಮಾಸ್ಕ್ ಏನೂ ಇಲ್ಲದ್ದಕ್ಕಿಂತ ಕೆಟ್ಟದು ಅಂತ ಆ ಅಧ್ಯಯನದಿಂದ ಹೇಳಲಿಕ್ಕೆ ಬರೂದಿಲ್ಲ. ಸರ್ಜಿಕಲ್‌ಗಿಂತ ಕೆಟ್ಟದು ಅನ್ನಬಹುದು, ಅಷ್ಟ.

ಗರಗದ_ನೂಲು
ವಿಯೆಟ್ನಾಂ ಅರಿವಿ ಅದು, ನಮ್ದಲ್ಲ. ಆದ್ರ ಹೋಗ್ಲಿ, ಆಸ್ಪತ್ರಿಗೆ ಬ್ಯಾಡ ಅಂದ್ರ ಬ್ಯಾಡ. ಆಯಾಗೋಳಿಗೆ ಸರ್ಜಿಕಲ್ಲರ ಕೊಡಸ್ರಿ ಮೊದಲ, ಅವರು ಹೌಸಿಗೆ ಹಾಕ್ಕೊಂಡಿಲ್ಲ.

ವಾರ್ಡ್_ಸಿಸ್ಟರ್_ಗದಗ
ಖರೇ ಹೇಳಿದ್ರಿ ಅಣ್ಣಾರ. ಕಸ ಹೊಡಿಯೋರು, ಬೆಡ್‌ಪ್ಯಾನ್ ತಗಿಯೋರು, ಕಫದ ಡಬ್ಬಿ ಎತ್ತೋರು ಅವರ. ಮಾಸ್ಕ್ ಹಂಚಾಗ ಕಡೀಕೆ ಹೆಸರು ಬರೂದೂ ಅವರದ.

ಬ್ಯಾಡಗಿ_ಘಾಟು
ನಾ ಆಸ್ಪತ್ರ್ಯಾಂವ ಅಲ್ಲ, ಮೆಣಸಿನಕಾಯಿ ವ್ಯಾಪಾರದಾಗ ಅದೀನಿ. ಸೀಸನ್ ಒಳಗ ಬ್ಯಾಡಗಿ ಮಾರ್ಕೆಟಿಗೆ ಬಂದು ನೋಡ್ರಿ. ಹಮಾಲರು ಟಾವೆಲ್ಲು ಎರಡು ಸುತ್ತು ಸುತ್ತಿಕೊಂಡಿರ್ತಾರ, ಆದ್ರೂ ಸೀನತಾರ. ಸರ್ಜಿಕಲ್ ಹಾಕ್ಕೊಂಡ್ರ ಬಗಲಿನ ಸಂದಿಂದ ಘಾಟು ಹೊಕ್ಕು ಕಣ್ಣಾಗ ನೀರು. ಎನ್-95 ಬಿಗಿ ಕುಂತ್ರ ಘಾಟು ಕಮ್ಮಿ ಆಗತೈತಿ, ಇದು ನನ್ನ ಮೂಗಿನ ಸಾಕ್ಷಿ. ಯಾವ ಅಮೆರಿಕಾ ಅಧ್ಯಯನನೂ ಬ್ಯಾಡ ನನಗ.

ಲ್ಯಾಬ್_ಮಾಮಾ
ಘಾಟು ಅಣ್ಣಾರ, ನೀವು ನಗಚಾಟಿಗೆ ಹೇಳಿದ್ರೂ ಫಿಟ್ ಟೆಸ್ಟ್ ಅಂದ್ರ ಅದ! ತಲಿ ಮ್ಯಾಲ ಒಂದು ಹುಡ್ ಹಾಕಿ ಒಳಗ ಸ್ಯಾಕರಿನ್ ಇಲ್ಲಾ ಕಹಿ ದ್ರಾವಣದ ಮಂಜು ಬಿಡ್ತಾರ. ತಲಿ ಮ್ಯಾಲ ಕೆಳಗ, ಎಡಕ ಬಲಕ ಹೊಳ್ಳಸು, ಮಾತಾಡು ಅಂತಾರ. ನಾಲಗಿಗೆ ಸಿಹಿ ಇಲ್ಲಾ ಕಹಿ ಹತ್ತಿತಂದ್ರ ಎಲ್ಲೋ ಸೋರಾಕತ್ತೈತಿ ಅಂತ ಅರ್ಥ. ಮಷೀನಿನ್ಯಾಗೂ ಅಳೀತಾರ. ಹೊರಗಿನ ಗಾಳ್ಯಾಗ ಇದ್ದ ಕಣ ಮಾಸ್ಕಿನ ಒಳಗ ಕನಿಷ್ಠ 100 ಪಟ್ಟು ಕಮ್ಮಿ ಆಗಿರಬೇಕು, ಅಂದ್ರ ಪಾಸ್.

ಸರ್ಜಿಕಲ್ ಮಾಸ್ಕ್ ಈ ಪರೀಕ್ಷೆಗೆ ಅಂತ ಮಾಡಿದ್ದ ಅಲ್ಲ. ಅದು ಆಪರೇಷನ್ ಮಾಡೋ ಡಾಕ್ಟ್ರ ಉಗುಳು ರೋಗಿ ಗಾಯಕ್ಕ ಬೀಳಬಾರದು, ರೋಗಿ ರಕ್ತ ಡಾಕ್ಟ್ರ ಬಾಯಿಗೆ ಸಿಡೀಬಾರದು ಅಂತ ಬಂದದ್ದು. ಬಗಲಿನ ಸಂದು ಅದರ ದೋಷ ಅಲ್ಲ, ಅದರ ಕೆಲಸನ ಬ್ಯಾರೆ.

ಹಳೇಹುಬ್ಬಳ್ಳಿ_ಹುಲಿ
ನನಗ ಗಡ್ಡ ಐತಿ. ಎನ್-95 ಹಾಕಿದ್ರ ನಡೀತೈತೇನು?

ಲ್ಯಾಬ್_ಮಾಮಾ
ನಡಿಯೂದಿಲ್ಲ. ಮಾಸ್ಕಿನ ಅಂಚು ಚರ್ಮಕ್ಕ ಕೂಡ್ರಬೇಕು. ನಡುವ ಕೂದಲಾ ಬಂತಂದ್ರ ಗಾಳಿ ಅಲ್ಲಿಂದನ ಹೊಕ್ಕತೈತಿ.

ಹಳೇಹುಬ್ಬಳ್ಳಿ_ಹುಲಿ
ಹಂಗಾದ್ರ ಬ್ಯಾಡ ಬಿಡ್ರಿ.

ಉಣಕಲ್_ದಂಡಿ
ರೌಂಡ್ಸ್ ಮುಗೀತು. ಈಗ ಯಾಕ ನಾ ಎನ್-95 ಹಾಕ್ಕೋತೀನಿ ಅಂತ.

ಅಮೆರಿಕಾ ಅಧ್ಯಯನದಾಗ ಸ್ಟಾಫಿಗೆ ಹೇಳಿದ್ದು ಇಷ್ಟ: ಉಸಿರಾಟದ ಕಾಯಿಲೆ ಇದ್ದ ರೋಗಿ ಆರು ಅಡಿ ಒಳಗ ಬಂದಾಗ ಮಾಸ್ಕ್ ಹಾಕ್ರಿ. ಉಳಿದ ಹೊತ್ತು? ಚಾ ಕುಡಿಯೋವಾಗ, ಡ್ಯೂಟಿ ರೂಮಿನ್ಯಾಗ, ಮನ್ಯಾಗ ಮಕ್ಕಳ ಜೋಡಿ? ಫ್ಲೂ ಅಲ್ಲೂ ಹತ್ತತದ. ಎರಡೂ ಗುಂಪಿನವರಿಗೆ ಹೊರಗಿಂದ ಒಂದ ನಮೂನಿ ಸೋಂಕು ಬಂದ್ರ, ಮಾಸ್ಕ್ ಮಾಡಿದ ಕೆಲಸ ಲೆಕ್ಕದಾಗ ಮುಳುಗಿ ಹೋಗ್ತದ.

ಅದಕ್ಕ ಬೀಜಿಂಗ್ ಅಧ್ಯಯನ ನೋಡಬೇಕು, 2013ರಾಗ ಬಂದದ್ದು, 1,669 ಸಿಬ್ಬಂದಿ. ಮೂರು ಗುಂಪು: ಇಡೀ ಪಾಳಿ ಎನ್-95, ಅಪಾಯದ ಕೆಲಸಕ್ಕ ಮಾತ್ರ ಎನ್-95, ಇಡೀ ಪಾಳಿ ಸರ್ಜಿಕಲ್. ಉಸಿರಾಟದ ಕಾಯಿಲೆ ಬಂದದ್ದು ನೂರಕ್ಕ 7.2, 11.8, 17. ಈ ಮೆಟ್ಟಿಲು ನೋಡಿದ್ರ ಎಂಥವರಿಗೂ ಅನಸ್ತದ, ಫರಕ ಅದ, ಆದ್ರ ಹೊತ್ತೆಲ್ಲಾ ಹಾಕ್ಕೊಂಡವರಿಗೆ ಮಾತ್ರ.

ಅಂಕಿ_ಮಾಸ್ತರ
ಡಾಕ್ಟರ್ ಸಾಹೇಬ್ರ, ನಿಮಗೂ ಬಾಲಾ ಹೇಳಿಸಬೇಕೇನು? ಆ ಮೆಟ್ಟಿಲು ಕೆಮ್ಮು, ನೆಗಡಿ ಲಕ್ಷಣಗಳಿಗೆ ಸಂಬಂಧಪಟ್ಟದ್ದು. ಲ್ಯಾಬಿನ್ಯಾಗ ಖಾತ್ರಿ ಆದ ಇನ್‌ಫ್ಲುಯೆಂಜಾ ಒಳಗ ಅಂಥ ಮೆಟ್ಟಿಲು ಕಾಣಲಿಲ್ಲ. ಗಂಟಲಾಗ ಬ್ಯಾಕ್ಟೀರಿಯಾ ಕೂಡೂದು ಮಾತ್ರ ಎನ್-95 ಗುಂಪಿನ್ಯಾಗ ಕಮ್ಮಿ ಇತ್ತು.

ಉಣಕಲ್_ದಂಡಿ
ಮಾಸ್ತರ, ಅದನ್ನ ಮುಂದಿನ ಸಾಲಿನ್ಯಾಗ ಬರಿಯೋನಿದ್ದೆ, ನೀವು ಅವಸರ ಮಾಡಿದ್ರಿ :)

ಪಿಜಿ_ರೂಮ್_ನಂ7
ಕೊರೋನಾ ಮೇಲೆಯೇ ಮಾಡಿದ್ದು 2022ರಲ್ಲಿ ಬಂತು. ಮಾಡಿದವರು ಮೇಲೆ ಹೇಳಿದ ಒಂಟಾರಿಯೋ ಅಧ್ಯಯನದ ಲೋಬ್ ಅನ್ನೋ ಸಂಶೋಧಕರೇ. ಕೆನಡಾ, ಇಸ್ರೇಲ್, ಪಾಕಿಸ್ತಾನ, ಈಜಿಪ್ಟ್, ಒಟ್ಟು 29 ಆಸ್ಪತ್ರೆ ಮತ್ತು ಆರೈಕೆ ಕೇಂದ್ರ, 1,009 ಜನ. ಕೋವಿಡ್ ಬಂದದ್ದು ಸರ್ಜಿಕಲ್‌ನಲ್ಲಿ ನೂರಕ್ಕೆ 10.46, ಎನ್-95ನಲ್ಲಿ 9.27. ಸರ್ಜಿಕಲ್ ಕಡಿಮೆಯೇನಲ್ಲ ಅಂತ ತೀರ್ಮಾನ.

ಅಂಕಿ_ಮಾಸ್ತರ
ಇದಕ್ಕ ಕಾಯ್ಕೋತ ಕುಂತಿದ್ದೆ. "ಕಡಿಮೆಯಲ್ಲ" ಅನ್ನಲಿಕ್ಕೆ ಅವರು ಮೊದಲ ಹಾಕಿಕೊಂಡ ಗೆರೆ ಎಲ್ಲಿ ಇತ್ತು ಗೊತ್ತದ ಏನು? 2. ಅಂದ್ರ ಸರ್ಜಿಕಲ್ ಹಾಕಿದವರಿಗೆ ಅಪಾಯ ಎರಡು ಪಟ್ಟಿನ ಒಳಗ ಇದ್ರ "ಕಡಿಮೆಯಲ್ಲ" ಅಂತ ಬರಕೋಬಹುದು. ಬಂದ ಉತ್ತರ 1.14, ಅಂತರ 0.77ರಿಂದ 1.69. ಈ ಅಂತರದೊಳಗ ಸರ್ಜಿಕಲ್ ಸ್ವಲ್ಪ ಚಲೋ ಅನ್ನೋದಕ್ಕೂ ಜಾಗಾ ಅದ, ಅಪಾಯ ನೂರಕ್ಕ 69 ಹೆಚ್ಚು ಅನ್ನೋದಕ್ಕೂ ಜಾಗಾ ಅದ.

ಅಪಾಯ ಒಂದೂವರೆ ಪಟ್ಟು ಆದ್ರ ನಿಮಗ ನಡೀತದೋ ಇಲ್ಲೋ? ಅದು ಗಣಿತದ ಪ್ರಶ್ನೆ ಅಲ್ಲ. ಮಾಸ್ಕ್ ಹಾಕ್ಕೊಳ್ಳೋ ಸಿಸ್ಟರ್‌ನ ಕೇಳಬೇಕು, ಗೆರೆ ಎಳಿಯೋರು ಎಳದು ಹೋಗ್ಯಾರ.

ಪಿಜಿ_ರೂಮ್_ನಂ7
ದೇಶವಾರು ನೋಡಿದ್ರೂ ಮಜಾ ಇದೆ ಸರ್. ಕೆನಡಾದಲ್ಲಿ ಸರ್ಜಿಕಲ್‌ನ 6.11ಕ್ಕೆ ಎನ್-95ದು 2.22, ಎನ್-95 ಚೆನ್ನಾಗಿದೆ ಅನಿಸುತ್ತೆ. ಈಜಿಪ್ಟ್‌ನಲ್ಲಿ 13.62ಕ್ಕೆ 14.56, ಉಲ್ಟಾ. ಕೆನಡಾದ ಸಂಖ್ಯೆ ಚಿಕ್ಕದು, ಅದರ ಮೇಲೆ ಭಾರ ಹಾಕೋಕೆ ಆಗಲ್ಲ. ಈಜಿಪ್ಟ್‌ನಲ್ಲಿ ನಡೆದದ್ದು ಒಮಿಕ್ರಾನ್ ಹೊತ್ತಿನಲ್ಲಿ, ಆಗ ಊರೆಲ್ಲಾ ಸೋಂಕು.

ಹಳೇಹುಬ್ಬಳ್ಳಿ_ಹುಲಿ
ಒಟ್ಟ ನಾಲ್ಕು ಅಧ್ಯಯನ, ನಾಲ್ಕು ಮಾತು. ನಮ್ಮ ಬಿಆರ್‌ಟಿಎಸ್ ಬಸ್ಸಿನ ಹಂಗ, ಊರಿಗೊಂದು ಅಭಿಪ್ರಾಯ. ಆ ಮಾಸ್ಕ್ ಬಿಡ್ರಿ, ಹುಬ್ಬಳ್ಳಿ ಧೂಳಿಗೆ ಯಾವ ಮಾಸ್ಕ್ ಚಲೋ ಹೇಳ್ರಿ. ಗಾಡಿ ಮ್ಯಾಲ ಮನಿ ಮುಟ್ಟೂದ್ರಾಗ ಮೂಗಿನ್ಯಾಗ ಅರ್ಧಾ ರಸ್ತೆ ಇರತೈತಿ.

ಸಾಧನಕೇರಿ_ಸಂಜೆ
ಧೂಳಿಗಿಂತ ಹಳೇ ಕಥಿ ಹೇಳ್ತೀನಿ. 1898ರ ಸುಮಾರಿಗೆ ಹುಬ್ಬಳ್ಳಿಯೊಳಗ ಪ್ಲೇಗು ಬಡದಾಗ ಹಾಫ್ಕಿನ್ ಅವರ ಪ್ಲೇಗ್ ಲಸಿಕಿ ಇಲ್ಲಿ ಸಾವಿರಾರು ಮಂದಿಗೆ ಹಾಕಿದ್ದರು. ಲಸಿಕಿ ಇತಿಹಾಸದಾಗ ನಮ್ಮ ಊರಿನ ಹೆಸರು ಅದ, ನಮಗ ಗೊತ್ತಿಲ್ಲ ಅಷ್ಟ. ಅದು ಇಲಿ, ಚಿಗಟದಿಂದ ಬರೋ ಗಡ್ಡಿ ಪ್ಲೇಗು. ಪುಪ್ಪುಸದ ಪ್ಲೇಗು ಬ್ಯಾರೆ, ಕೆಮ್ಮಿನಿಂದ ಹತ್ತೋದು. ಅದು 1910ರ ಕೊನಿಗೆ ಮಂಚೂರಿಯಾದಾಗ ಎದ್ದಾಗ ಪೆನಾಂಗ್‌ದಾಗ ಹುಟ್ಟಿದ ವೂ ಲಿಯೆನ್-ತೇ ಅನ್ನೋ ಡಾಕ್ಟರ್ ಗಾಜ್ ಬಟ್ಟಿ ನಡುವ ಹತ್ತಿ ಇಟ್ಟು ಮಾಸ್ಕ್ ಮಾಡಿಸಿದರು. ಮೆಸ್ನಿ ಅನ್ನೋ ಫ್ರೆಂಚ್ ಡಾಕ್ಟರ್ "ಇಲಿ ಹಿಡೀರಿ, ಇದೇನು" ಅಂತ ಮಾಸ್ಕ್ ಹಾಕ್ಕೊಳ್ಳದೇ ವಾರ್ಡಿಗೆ ಹೋದರು. ಸ್ವಲ್ಪ ದಿನದಾಗ ಅದ ಪ್ಲೇಗಿನಿಂದ ತೀರಿಕೊಂಡರು. ಅಲ್ಲಿಂದ ಮುಂದ ಯಾರೂ ವಾದಾ ಮಾಡಲಿಲ್ಲ.

ರಾಣೆಬೆನ್ನೂರ_ರಾಜಾ
ಒಬ್ಬಾಂವ ಸತ್ತರ ಅದು ಪುರಾವೆ ಆಗತೈತೇನು ಮಾಸ್ತರ? ಈಗ ಹೇಳ್ರಿ.

ಅಂಕಿ_ಮಾಸ್ತರ
ಆಗೂದಿಲ್ಲ. ರಾಜಾ ಅವರು ಈ ಒಂದು ಮಾತು ಬರೋಬ್ಬರಿ ಆಡ್ಯಾರ.

ನಿರ್ವಾಹಕ
ಧೂಳು, ಬಿಆರ್‌ಟಿಎಸ್, ಗಿರ್ಮಿಟ್ ಎಲ್ಲಾ ಬೇರೆ ಎಳೆಗೆ ಒಯ್ರಿ. ಪ್ಲೇಗ್ ಇರಲಿ.

ಸ್ಟೋರ್_ಕೀಲಿ_ಹಾವೇರಿ
ಎಲ್ಲಾರೂ ಸ್ಟೋರಿನವರಿಗೆ ಬೈಯೋರ. ನಾ ಅದ ಕುರ್ಚಿ ಮ್ಯಾಲ ಕುಂತಾಂವ, ನಮ್ಮ ಕಡೆ ಮಾತೂ ಕೇಳ್ರಿ.

ಎನ್-95 ಅಂತ ಡಬ್ಬಿ ಮ್ಯಾಲ ಛಾಪಾ ಇದ್ದದ್ದೆಲ್ಲಾ ಎನ್-95 ಅಲ್ಲ. ಖರೇ ಎನ್-95ಗೆ ಅಮೆರಿಕಾದ ನಿಯೋಶ್ ಅನ್ನೋ ಸರ್ಕಾರಿ ಸಂಸ್ಥೆ ಮಾನ್ಯತೆ ಇರತೈತಿ, ಮಾಸ್ಕ್ ಮ್ಯಾಲನ ಟಿಸಿ-84ಎ ಅಂತ ಶುರು ಆಗೋ ನಂಬರ್ ಇರತೈತಿ, ಪಟ್ಟಿ ತಲಿ ಹಿಂದ ಎರಡು ಬರ್ತಾವ. ನಮ್ಮ ದೇಶದ ಪ್ರಮಾಣ ಐಎಸ್ 9473, ಅದರಾಗ ಎಫ್‌ಎಫ್‌ಪಿ2 ಅಂತ ದರ್ಜೆ, 94 ಹಿಡೀಬೇಕು. ಮೂರು ಪದರದ ಸರ್ಜಿಕಲ್‌ಗೆ ಬ್ಯಾರೆ, ಐಎಸ್ 16289. ಕಿವಿಗೆ ಸಿಗಿಸೋ ಬೀದಿ ಮಾಲಿನ ಮ್ಯಾಲ ಬೇಕಾದ್ದು ಬರದಿರ್ತಾರ, ಅದನ್ನ ತಂದು "ಎನ್-95 ಕೊಟ್ಟೇನಿ" ಅಂದ್ರ ಸಿಸ್ಟರ್‌ಗೆ ಸರ್ಜಿಕಲ್‌ಗಿಂತ ಹೆಚ್ಚೇನೂ ಸಿಕ್ಕಂಗಾಗಲಿಲ್ಲ, ಧೈರ್ಯ ಮಾತ್ರ ಜಾಸ್ತಿ.

ಮತ್ತ ವಾಲ್ವ್ ಇದ್ದದ್ದು ತಗೋಬ್ಯಾಡ್ರಿ. ಒಳಗ ಬರೋ ಗಾಳಿ ಸೋಸತೈತಿ, ಹೊರಗ ಬಿಡೋದು ಸೋಸೂದಿಲ್ಲ. ನಿಮಗ ಸೋಂಕಿದ್ರ ರೋಗಿಗೆ ಹೊಕ್ಕತೈತಿ. 2020ರ ಜುಲೈದಾಗ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ರಾಜ್ಯಗಳಿಗೆ ಪತ್ರ ಬರದು ವಾಲ್ವಿನ ಮಾಸ್ಕ್ ಬಳಸಬ್ಯಾಡ್ರಿ ಅಂದಿದ್ರು.

ಇನ್ನ ಕೊಡೂದ್ಯಾಕಿಲ್ಲ ಅಂದ್ರ, ನಮಗ ಬರೋದು ಎಣಿಸಿದಷ್ಟ. ಟಿಬಿ ವಾರ್ಡಿಗೆ ಇಲ್ಲದಂಗ ಓಪಿಡಿಗೆ ಕೊಟ್ರ ನಾಳೆ ಅವರು ಬಂದು ನನ್ನ ಕೊರಳಪಟ್ಟಿ ಹಿಡೀತಾರ. ಇಂಡೆಂಟ್‌ದಾಗ (ಸಾಮಾನು ಬೇಕು ಅಂತ ಕೊಡೋ ಚೀಟಿ) ಓಪಿಡಿ ಅಂತ ಬರದು, ಯಾಕ ಬೇಕು ಅಂತ ಕಾರಣ ಬರದು, ಡಾಕ್ಟ್ರ ಸಹಿ ಹಾಕಿಸಿಕೊಂಡು ಬಂದ್ರ ನಾವು ಮ್ಯಾಲ ಕಳಸ್ತೀವಿ. ಬಾಯಿಲೆ ಕೇಳಿದ್ದಕ್ಕ ಯಾವ ಲೆಕ್ಕಾನೂ ಇಲ್ಲ.

ವಾರ್ಡ್_ಸಿಸ್ಟರ್_ಗದಗ
ಇದು ಉಪಯೋಗ ಆತ್ರಿ ಅಣ್ಣಾರ. ಒಂದು ಕೇಳ್ತೀನಿ. ಎನ್-95 ಹಾಕ್ಕೊಂಡ್ರ ನನ್ನ ಚಷ್ಮಾ ಮಸುಕ ಆಗತೈತಿ, ಸಲೈನ್ ಹಚ್ಚಾಕ ನರಾ ಕಾಣೂದಿಲ್ಲ. ಎಲ್ಲಾರಿಗೂ ಹಂಗ ಏನು?

ಲ್ಯಾಬ್_ಮಾಮಾ
ಮ್ಯಾಲಿಂದ ಸೋರಾಕತ್ತೈತಿ ಸಿಸ್ಟರ್. ಮೂಗಿನ ಮ್ಯಾಲಿನ ಲೋಹದ ಪಟ್ಟಿನ ಒಂದ ಕೈಲೆ ಚಿವುಟಬ್ಯಾಡ್ರಿ, ಎರಡೂ ಕೈ ಬಳ್ಳಿಂದ ನಡುವಿಂದ ಬಗಲಿಗೆ ಒತ್ತಿಕೋತ ಬರ್ರಿ. ಮ್ಯಾಲಿನ ಪಟ್ಟಿ ನೆತ್ತಿ ಹಿಂದ, ಕೆಳಗಿಂದು ಕಿವಿ ಕೆಳಗ ಕುತ್ತಿಗಿಗೆ. ತುರುಬು ಇದ್ರ ಮ್ಯಾಲಿನ ಪಟ್ಟಿ ತುರುಬಿನ ಮ್ಯಾಲ ಇರ್ಲಿ, ತುರುಬಿನ್ಯಾಗ ಸಿಗಬಾರದು. ಆಮ್ಯಾಲೆ ಎರಡೂ ಅಂಗೈ ಮುಚ್ಚಿ ಜೋರ ಉಸಿರು ಬಿಡ್ರಿ, ಅಂಚಿನ್ಯಾಗ ಗಾಳಿ ತಾಗಬಾರದು. ಜೋರ ಎಳಕೋರಿ, ಮಾಸ್ಕ್ ಸ್ವಲ್ಪ ಒಳಗ ಜಗ್ಗಬೇಕು. ಹಾಕ್ಕೊಂಡಾಗೊಮ್ಮೆ ಇದನ್ನ ಮಾಡ್ರಿ.

ಇಷ್ಟಾದ್ರೂ ಸೋರಿದ್ರ ಆ ಮಾಡೆಲ್ ನಿಮ್ಮ ಮಾರಿಗೆ ಹೊಂದೂದಿಲ್ಲ. ಸಣ್ಣ ಮಾರಿಯವರಿಗೆ ಇದು ಭಾಳ ಆಗತೈತಿ. ಬ್ಯಾರೆ ಅಳತಿ, ಬ್ಯಾರೆ ಆಕಾರದ್ದು ಕೇಳ್ರಿ.

ಉಣಕಲ್_ದಂಡಿ
ಸಿಸ್ಟರ್, ಮಾಸ್ಕಿನ ಜಗಳದಾಗ ಒಂದು ಬಿಟ್ಟೇ ಹೋತು. ನಿಮ್ಮ ಓಪಿಡಿ ಕಿಟಕಿ ತಗದಿರ್ತಾವ ಏನು?

ವಾರ್ಡ್_ಸಿಸ್ಟರ್_ಗದಗ
ಇಲ್ರಿ ಡಾಕ್ಟ್ರ. ಗದಗಿನ ಗಾಳಿ ನಿಮಗ ಗೊತ್ತಲ್ರಿ. ಕಿಟಕಿ ತಗದ್ರ ರಜಿಸ್ಟರ್ ಹಾಳಿ, ಓಪಿಡಿ ಚೀಟಿ ಎಲ್ಲಾ ಹಾರಿ ಹೊಕ್ಕಾವ ಅಂತ ಮುಚ್ಚಿರ್ತೀವಿ.

ಉಣಕಲ್_ದಂಡಿ
ಅಲ್ಲೇ ಅದ ನೋಡ್ರಿ! ಕಪ್ಪತಗುಡ್ಡದ ಮ್ಯಾಲ ಆ ಗಾಳಿಗೆ ಫ್ಯಾನ್ ನಿಲ್ಲಿಸಿ ಕರೆಂಟ್ ತಗೀತಾರ, ನಾವು ಕಿಟಕಿ ಮುಚ್ಚಿ ಟಿಬಿ ಗಾಳಿ ಒಳಗ ಇಟಗೋತೀವಿ.

ಪೆರು ದೇಶದ ಲಿಮಾದಾಗ ಆಸ್ಪತ್ರಿಗಳ ಗಾಳಿ ಅಳತಿ ಮಾಡಿದ್ರು, 2007ರಾಗ ಬಂತು. ಕಿಟಕಿ ಬಾಗಲಾ ತಗದಿಟ್ಟ ಕೋಣ್ಯಾಗ ತಾಸಿಗೆ 28 ಸಲ ಗಾಳಿ ಬದಲಾತು. ಗಾಳಿ ಹೊರಗ ಸೋರದಂಗ ಮಷೀನಿನಿಂದ ಒಳಗಿನ ಗಾಳಿ ಎಳಿಯೋ ಋಣ ಒತ್ತಡದ ಕೋಣಿಗೆ 12. ಎತ್ತರ ಚಾವಣಿ, ದೊಡ್ಡ ಕಿಟಕಿಯ ಹಳೇ ಕಟ್ಟಡಗಳು ಹೊಸಾವಕ್ಕಿಂತ ಚಲೋ ಇದ್ವು. ನಮ್ಮ ಕಡೆ ಬ್ರಿಟಿಷರ ಕಾಲದ ದವಾಖಾನಿ ಕೆಡವಿ ಸಣ್ಣ ಕಿಟಕಿ, ಕೆಳಗಿನ ಚಾವಣಿ ಕಟ್ಟಿ ಮ್ಯಾಲ ಫಾಲ್ಸ್ ಸೀಲಿಂಗ್ ಹಾಕಸ್ತಾರ. ಅದನ್ನ ನೋಡಿದ್ರ ನನಗ ಸಿಟ್ಟು ಬರ್ತದ.

ಇನ್ನೊಂದು, ಮಾಸ್ಕ್ ಬರೇ ನಮಗಲ್ಲ. ದಕ್ಷಿಣ ಆಫ್ರಿಕಾದಾಗ ಔಷಧಕ್ಕ ಬಗ್ಗದ ಟಿಬಿ ಇದ್ದ ರೋಗಿಗಳಿಗೆ ಬಿಟ್ಟು ಬಿಟ್ಟು ಸರ್ಜಿಕಲ್ ಮಾಸ್ಕ್ ಹಾಕಿಸಿ, ವಾರ್ಡಿನ ಗಾಳಿನ ಗಿನಿ ಹಂದಿಗಳಿಗೆ ಬಿಟ್ಟು ನೋಡಿದರು. ರೋಗಿ ಮಾಸ್ಕ್ ಹಾಕದ ದಿನದ ಗಾಳಿ ಕುಡದ 90ರಾಗ 69ಕ್ಕ ಸೋಂಕು. ಹಾಕಿದ ದಿನದ್ದಕ್ಕ 90ರಾಗ 36. ಪಾಳಿಯಾಗ ನಿಂತ ಕೆಮ್ಮಿನವರಿಗೆ ಆ ಹಗರ ಮೂರು ಪದರದ್ದು ಕೊಡಸ್ರಿ. ಸ್ಟೋರಿನ್ಯಾಗ ಅದಕ್ಕಂತೂ ಕೊರತಿ ಇಲ್ಲಲ್ಲ?

ಸ್ಟೋರ್_ಕೀಲಿ_ಹಾವೇರಿ
ಅದಕ್ಕ ಕೊರತಿ ಇಲ್ರಿ ಡಾಕ್ಟ್ರ. ಎಕ್ಸ್‌ಪೈರಿ ಹತ್ತರ ಬಂದು ಕುಂತಾವ, ಒಯ್ರಿ.

ರಾಣೆಬೆನ್ನೂರ_ರಾಜಾ
ರೋಗಿಗೆ ಮಾಸ್ಕ್ ಹಾಕು ಅಂದ್ರ ಹೊಡಿಯಾಕ ಬರ್ತಾರ, ಕಾಗದದ ಮ್ಯಾಲ ಹೇಳೂದು ಹಗರ.

ವಾರ್ಡ್_ಸಿಸ್ಟರ್_ಗದಗ
ಹೊಡಿಯಾಕ ಬರೂದಿಲ್ರಿ ಅಣ್ಣಾರ. "ಯಜ್ಜಾ, ಇದನ್ನ ಹಾಕ್ಕೊಂಡ್ರ ಲಗೂನ ಪಾಳಿ ಬರತೈತಿ" ಅಂದ್ರ ಹಾಕ್ಕೋತಾರ.

ನೆಬುಲೈಸರ್ ಕೊಡಾಗ ನನಗ ಭಾಳ ಅಂಜಿಕಿ ಆಗತೈತಿ, ಹೊಗಿ ಎಲ್ಲಾ ಕೋಣಿ ತುಂಬ ಹರಡತೈತಿ. ವರಾಂಡಾದಾಗ ಕೊಟ್ರ ನಡೀತೈತೇನು?

ಉಣಕಲ್_ದಂಡಿ
ನಡೀತದ, ಕೋಣಿಗಿಂತ ಚಲೋನ. ಉಳಿದ ಮಂದಿ ಕುಂದ್ರೋ ಕಡೆ ಗಾಳಿ ಹೋಗದಂಗ ನೋಡಿ ಕೂಡಸ್ರಿ. ಆಗೋವಂಥ ರೋಗಿಗೆ ನೆಬುಲೈಸರ್ ಬದಲಿ ಇನ್‌ಹೇಲರ್ ಜೋಡಿ ಸ್ಪೇಸರ್ (ಅದಕ್ಕ ಹಚ್ಚೋ ಕೊಳವಿ) ಕೊಡಬಹುದು, ನಿಮ್ಮ ಡಾಕ್ಟ್ರನ ಕೇಳಿ ಮಾಡ್ರಿ. ನೆಬುಲೈಸರ್ ಕೊಡೋವಾಗ, ಕಫ ತಗೋವಾಗ, ಗಂಟಲಾಗ ಉಸಿರಾಟದ ಟ್ಯೂಬ್ ಹಾಕೋ ಡಾಕ್ಟ್ರ ಜೋಡಿ ನಿಂತಾಗ ಎನ್-95 ಇಲ್ಲದ ನಿಲ್ಲಬ್ಯಾಡ್ರಿ. ಅಧ್ಯಯನ ಏನರ ಹೇಳಲಿ, ಟ್ಯೂಬ್ ಹಾಕೋ ಹೊತ್ತಿನ್ಯಾಗ ಸ್ಟಾಫಿಗೆ ಸೋಂಕು ಹತ್ತಿದ್ದು ಸಾರ್ಸ್ (ಕೊರೋನಾ ಜಾತಿದ ಹಳೇ ಉಸಿರಾಟದ ಜಡ್ಡು) ಕಾಲದಿಂದ ಕಂಡ ಮಾತು.

ಆಶಾ_ಅಕ್ಕ_ಶಿರಹಟ್ಟಿ
ನೀವೆಲ್ಲಾ ಆಸ್ಪತ್ರಿ ಒಳಗಿನವರು ಮಾತಾಡೀರಿ. ನಾವು ಟಿಬಿ ಮನಿಗೆ ಗುಳಿಗಿ ಒಯ್ದು ಕೊಡೋರು, ಒಂದ ಕೋಣಿ ಮನಿ, ಕಿಟಕಿನ ಇರೂದಿಲ್ಲ. ನಮಗ ಎನ್-95 ಯಾರ ಕೊಟ್ಟಾರ? ಸೆರಗ ಮುಚ್ಚಿಕೊಂಡು ಹೊಕ್ಕೀವಿ.

ಲ್ಯಾಬ್_ಮಾಮಾ
ಒಳಗ ಹೋಗೂದ್ಯಾಕ ಅಕ್ಕಾರ? ಅವರನ್ನ ಹೊರಗ ಕಟ್ಟಿಗೆ ಕರೀರಿ, ಅಲ್ಲೇ ಗುಳಿಗಿ ಕೊಡ್ರಿ, ಅಲ್ಲೇ ಮಾತಾಡ್ರಿ. ಕಫದ ಡಬ್ಬಿನೂ ಬಯಲಾಗ, ಮಂದಿಯಿಂದ ದೂರ ಹೋಗಿ ತುಂಬಿಸಾಕ ಹೇಳ್ರಿ.

ಆಶಾ_ಅಕ್ಕ_ಶಿರಹಟ್ಟಿ
ಹೊರಗ ಕೊಟ್ರ ಓಣಿ ಮಂದಿಗೆಲ್ಲಾ ಗೊತ್ತಾಗತೈತಿ ಅಂತ ಅವರ ಒಳಗ ಕರೀತಾರ. ಹೆಣ್ಮಕ್ಕಳಿದ್ರಂತೂ ಇನ್ನೂ. ಮದುವಿ ಆಗದ ಹುಡುಗಿಗೆ ಟಿಬಿ ಅಂತ ಗೊತ್ತಾದ್ರ ಮುಂದ ಏನಾಗತೈತಿ ನಿಮಗ ಹೇಳಬೇಕೇನು?

ಉಣಕಲ್_ದಂಡಿ
ಅಕ್ಕಾರ ಹೇಳೂದು ಬರೋಬ್ಬರಿ ಅದ. ಹಂಗಿದ್ರ ಹಿತ್ತಲಾ ಇದ್ರ ಹಿತ್ತಲದಾಗ. ಇಲ್ಲಾಂದ್ರ ಬಾಗಲಾ ತಗದಿಟ್ಟು, ರೋಗಿಗೆ ಸರ್ಜಿಕಲ್ ಹಾಕಿಸಿ, ನೀವು ಎನ್-95 ಹಾಕ್ಕೊಂಡು ಬಾಗಲಾ ಕಡೆ ಕುಂದರ್ರಿ. ಔಷಧ ಸರಿಯಾಗಿ ಹತ್ತಿದ ರೋಗಿಯಿಂದ ಅಪಾಯ ಲಗೂನ ಇಳೀತದ. ಇನ್ನೂ ಪತ್ತೆ ಆಗದ ಕೆಮ್ಮಿನವರ ಮನಿಗೆ ಹೋಗೋವಾಗ ಹೆಚ್ಚು ಎಚ್ಚರ ಇರ್ರಿ.

ಆಶಾ_ಅಕ್ಕ_ಶಿರಹಟ್ಟಿ
ಎನ್-95 ಹಾಕ್ಕೊಂಡು ಅಂದ್ರಿ. ಕೊಡೋರ್ಯಾರು ಅಂತನ ನಾ ಕೇಳಿದ್ದು.

ಸ್ಟೋರ್_ಕೀಲಿ_ಹಾವೇರಿ
ಅಕ್ಕಾರ, ನಿಮ್ಮ ಪಿಎಚ್‌ಸಿ ವೈದ್ಯಾಧಿಕಾರಿಗೆ ಅರ್ಜಿ ಬರೀರಿ. ಟಿಬಿ ಮನಿ ಭೇಟಿಗೆ ಎಷ್ಟು ಮಂದಿ ಆಶಾ ಹೊಕ್ಕೀರಿ, ತಿಂಗಳಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ, ಎಲ್ಲಾರೂ ಸಹಿ ಮಾಡಿ ಕೊಡ್ರಿ. ಒಂದು ಪ್ರತಿ ನಿಮ್ಮ ಹತ್ತರ ಇಟ್ಟುಕೋರಿ, ಅದರ ಮ್ಯಾಲ ಮುಟ್ಟಿದ್ದಕ್ಕ ಸೀಲ್ ಹಾಕಿಸಿಕೋರಿ. ಇಲ್ಲಾ ಅಂದ್ರ "ಇಲ್ಲಾ ಅಂತ ಬರದು ಕೊಡ್ರಿ" ಅನ್ರಿ. ಬರದು ಕೊಡಾಕ ಯಾರೂ ತಯಾರ ಇರೂದಿಲ್ಲ.

ವಾರ್ಡ್_ಸಿಸ್ಟರ್_ಗದಗ
ಅಕ್ಕಾರ, ನಿಮ್ಮ ಅರ್ಜಿ ಬರಿಯೋವಾಗ ನನಗೂ ಒಂದು ಫೋಟೋ ಕಳಸ್ರಿ. ಆಯಾಗೋಳ ಹೆಸರು ಹಾಕಿ ನಮ್ಮದೂ ಅದ ನಮೂನಿ ಬರೀತೀನಿ.